ಫಾತಿಮಾ ಶೇಖ್ ಇದ್ದರೋ ಇಲ್ಲವೋ: ಸನದ್ ಕೇಳದ ನಮ್ಮ ಬರವಣಿಗೆಯ ಬಗ್ಗೆ

2025ರ ಜನವರಿ ಎರಡನೆಯ ವಾರ. ಪುಣೆಯ ಕೊಂಢ್ವಾದಲ್ಲಿರುವ ನಮ್ಮ ಮನೆಗೆ ಸಂಜೆ ಹೊತ್ತು ಐದಾರು ಮಕ್ಕಳು ಬರುತ್ತಾರೆ. ಮಕ್ಕಳು ಅಂದೆ, ಎಲ್ಲರೂ ಕಾಲೇಜಿನವರೇ. ಹೆಚ್ಚಿನವರ ಮನೆಯವರು ನಮ್ಮ ಹಾಗೆ ವಿಜಯಪುರ, ಕಲಬುರಗಿ ಕಡೆಯಿಂದ ದುಡಿಮೆಗೆ ಬಂದವರು. ನಾನು ಹಗಲು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂಜೆ ಇವರ ಅಸೈನ್‌ಮೆಂಟು, ಪ್ರಾಜೆಕ್ಟುಗಳಿಗೆ ಕೈಲಾದ ಸಹಾಯ ಮಾಡುತ್ತೇನೆ. ಆ ದಿನ ಎಂ.ಎ. ಓದುವ ಹುಡುಗಿಯೊಬ್ಬಳು ಚಪ್ಪಲಿ ಬಿಡುವ ಮೊದಲೇ ಮೊಬೈಲ್ ಮುಂದೆ ಹಿಡಿದಳು. "ಆಪಾ, ಫಾತಿಮಾ ಶೇಖ್ ಅಂತ ಯಾರೂ ಇರಲೇ ಇಲ್ಲಂತ. ಕಥಿ ಕಟ್ಟಿದವರೇ ಹೇಳ್ಯಾರ. ನನ್ನ ಪ್ರಾಜೆಕ್ಟಿನ ಮೂರನೇ ಅಧ್ಯಾಯ ಪೂರಾ ಅವರ ಮ್ಯಾಲೇ ಐತಿ. ಈಗ ಏನ್ ಮಾಡ್ಲಿ?"

ಫಾತಿಮಾ ಶೇಖ್ ಯಾರು ಅಂತ ಈ ಪುಟಗಳ ಓದುಗರಿಗೆ ಹೇಳಬೇಕಾಗಿಲ್ಲ. ಅಕ್ಷರದವ್ವ ಸಾವಿತ್ರಿಬಾಯಿ ಫುಲೆಯವರ ಜೊತೆ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು ಅಂತ ನಾವೆಲ್ಲ ಪ್ರತಿ ಜನವರಿಯಲ್ಲಿ ಬರೆಯುತ್ತೇವೆ, ಭಾಷಣ ಮಾಡುತ್ತೇವೆ. 2022ರ ಜನವರಿ 9ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿ ಗೌರವಿಸಿತು. ಮೂರು ವರ್ಷದ ನಂತರ, ಅದೇ ಜನವರಿ 9ರಂದು, ಪತ್ರಕರ್ತ ದಿಲೀಪ್ ಮಂಡಲ್ ಅವರು ಸಾಮಾಜಿಕ ಜಾಲತಾಣದಲ್ಲಿ ಬೇರೆಯದೇ ಮಾತು ಹೇಳಿದರು. ಫಾತಿಮಾ ಶೇಖ್ ಎಂಬುದು ತಾವೇ ಕಟ್ಟಿದ ಪಾತ್ರ, ಅಂಥ ವ್ಯಕ್ತಿ ಇರಲೇ ಇಲ್ಲ, 2006ಕ್ಕೆ ಮೊದಲು ಈ ಹೆಸರು ಎಲ್ಲೂ ಸಿಗುವುದಿಲ್ಲ ಎಂಬುದು ಅವರ ಮಾತಿನ ಸಾರ.

ಆಮೇಲೆ ಆದದ್ದನ್ನು ನೀವೂ ನೋಡಿದ್ದೀರಿ. ಒಂದು ಕಡೆಯವರಿಗೆ ಹಬ್ಬ. ನಮ್ಮ ಕಡೆ ಸಿಟ್ಟು. ನನಗೂ ಮೊದಲು ಬಂದದ್ದು ಸಿಟ್ಟೇ. ಗ್ರೂಪುಗಳಲ್ಲಿ ಬಂದ ಮೆಸೇಜುಗಳನ್ನು ನಾನೂ ಮುಂದಕ್ಕೆ ಕಳಿಸಿದೆ. ಆದರೆ ಆ ಹುಡುಗಿ ಸಿಟ್ಟು ಕೇಳಲು ಬಂದಿರಲಿಲ್ಲ. ಅವಳು ಎರಡನೆಯ ಸಲ ಕೇಳಿದ್ದು ಇದು: "ಅವರು ಇದ್ದರು ಅನ್ನಾಕ ನಮ್ಮ ಹತ್ರ ಏನೈತಿ ಆಪಾ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಹೋದಾಗ ನಮ್ಮ ಬರವಣಿಗೆಯ ಬಗ್ಗೆ, ನಮ್ಮ ಪದವಿಗಳಲ್ಲಿ 'ಸಂಶೋಧನಾ ವಿಧಾನ' ಎಂದು ಕಲಿಸುವ ವಿಷಯದ ಬಗ್ಗೆ ನನಗೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ. ಕೆಲವು ಮಾತು ಕಹಿ ಇರಬಹುದು. ಮೊದಲ ಕಹಿ ನನಗೇ.

ಪುಣೆಯ ಒಂದು ಗ್ರಂಥಾಲಯದಲ್ಲಿ 'ಸಾವಿತ್ರೀಬಾಯಿ ಫುಲೆ ಸಮಗ್ರ ವಾಙ್ಮಯ' ಸಿಕ್ಕಿತು. ಸಂಪಾದಕರು ಡಾ. ಎಂ. ಜಿ. ಮಾಳಿ, ಪ್ರಕಟಿಸಿದ್ದು ಮಹಾರಾಷ್ಟ್ರ ರಾಜ್ಯ ಸಾಹಿತ್ಯ ಮತ್ತು ಸಂಸ್ಕೃತಿ ಮಂಡಳಿ, ವರ್ಷ 1988. ಅದರಲ್ಲಿ ಸಾವಿತ್ರಿಬಾಯಿ ತಮ್ಮ ಗಂಡ ಜೋತಿರಾವ್ ಅವರಿಗೆ ಬರೆದ ಮೂರು ಪತ್ರಗಳಿವೆ: 1856, 1868 ಮತ್ತು 1877ರವು. ಮೊದಲನೆಯದರ ತಾರೀಖು 1856ರ ಅಕ್ಟೋಬರ್ 10. ಸಾವಿತ್ರಿಬಾಯಿ ಆಗ ಕಾಯಿಲೆ ಬಿದ್ದು ತವರುಮನೆ ನಾಯಗಾಂವಕ್ಕೆ ಹೋಗಿದ್ದರು. ಪತ್ರದಲ್ಲಿ ಸಹೋದರನ ಜೊತೆ ಆದ ವಾದದ ಸಂಗತಿ ಬರುತ್ತದೆ. ಕೆಳಜಾತಿಯವರಿಗೆ ಅಕ್ಷರ ಕಲಿಸುವುದು ಅವನಿಗೆ ಸರಿ ಕಂಡಿರಲಿಲ್ಲ. ಮೈ ಸುಧಾರಿಸಿದ ಮೇಲೆ ಪುಣೆಗೆ ಬರುತ್ತೇನೆ ಎನ್ನುವ ಕಡೆ ಒಂದು ಸಣ್ಣ ಮಾತಿದೆ. ತಾನಿಲ್ಲದೆ ಫಾತಿಮಾಗೆ ತೊಂದರೆ ಆಗುತ್ತಿರಬಹುದು, ಆದರೂ ಆಕೆ ಗೊಣಗುವವಳಲ್ಲ ಎಂಬ ಅರ್ಥದ ಮಾತು.

ಅಷ್ಟೇ. ಹೆಚ್ಚೆಂದರೆ ಎರಡು ಸಾಲು. ಆದರೆ ಓದುಗರೇ, ಆ ಎರಡು ಸಾಲು ಏನು ಮಾಡುತ್ತವೆ ನೋಡಿ. 1988ರಲ್ಲಿ ಅಚ್ಚಾದ ಸರ್ಕಾರಿ ಮಂಡಳಿಯ ಪುಸ್ತಕದಲ್ಲಿರುವ ಹೆಸರನ್ನು 2006ರಲ್ಲಿ ಯಾರೂ ಕಟ್ಟಲಾರರು. ವಾದ ಅಲ್ಲಿಗೇ ಮುಗಿಯಿತು. ಇದಕ್ಕೆ ಸಿಟ್ಟು ಬೇಕಿರಲಿಲ್ಲ. ಪುಸ್ತಕದ ಹೆಸರು, ವರ್ಷ, ಪತ್ರದ ತಾರೀಖು, ಈ ಮೂರೇ ಸಾಕಿತ್ತು. ಗೂಗಲ್‌ನಲ್ಲಿ ಸಿಗಲಿಲ್ಲ ಅಂದರೆ ಲೋಕದಲ್ಲೇ ಇರಲಿಲ್ಲ ಅನ್ನುವುದು ಎಂಥ ತರ್ಕ? 2006ಕ್ಕೆ ಮೊದಲು ಅಂತರ್ಜಾಲದಲ್ಲಿ ಮರಾಠಿ ಇದ್ದದ್ದಾದರೂ ಎಷ್ಟು? ಕನ್ನಡ ಎಷ್ಟಿತ್ತು? ಹಾಗೆ ನೋಡಿದರೆ ನಮ್ಮ ಅಜ್ಜ-ಅಜ್ಜಿಯರೂ ಇರಲಿಲ್ಲ ಅನ್ನಬೇಕಾಗುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಗೆದ್ದವರ ಲೇಖನ ಆಗುತ್ತಿತ್ತು. ಆದರೆ ಆ ಹುಡುಗಿ ಪತ್ರವನ್ನು ಮತ್ತೊಮ್ಮೆ ಓದಿ, "ಆಪಾ, ಇದರಾಗ 'ಶೇಖ್' ಇಲ್ಲಲ್ಲ" ಅಂದಳು.

ನಿಜ, ಇಲ್ಲ. ಪತ್ರದಲ್ಲಿರುವುದು ಬರೀ 'ಫಾತಿಮಾ'. ಮನೆತನದ ಹೆಸರಿಲ್ಲ, ಹುಟ್ಟಿದ ದಿನ ಇಲ್ಲ, ಅಣ್ಣ ಉಸ್ಮಾನ್ ಶೇಖ್ ಅವರ ಮಾತಿಲ್ಲ. ಜೋತಿರಾವ್ ದಂಪತಿಯನ್ನು ಮನೆಯಿಂದ ಹೊರಗೆ ಹಾಕಿದಾಗ ಅವರಿಗೆ ಜಾಗ ಕೊಟ್ಟ ಕಥೆ ಇಲ್ಲ. ಅಹಮದ್‌ನಗರದಲ್ಲಿ ಶಿಕ್ಷಕಿ ತರಬೇತಿ ಪಡೆದರು ಎಂದಿಲ್ಲ. 'ದೇಶದ ಮೊದಲ ಮುಸ್ಲಿಂ ಶಿಕ್ಷಕಿ' ಎಂಬ ಬಿರುದಂತೂ ಇಲ್ಲವೇ ಇಲ್ಲ. ಆ ಪತ್ರ ಸಾಕ್ಷಿ ಹೇಳುವುದು ಇಷ್ಟಕ್ಕೆ: 1856ರಲ್ಲಿ ಸಾವಿತ್ರಿಬಾಯಿ ಊರಲ್ಲಿಲ್ಲದಾಗ ಯಾರ ಮೇಲೆ ಹೊರೆ ಬಿತ್ತೋ ಅಂಥ ಒಬ್ಬ ಹೆಣ್ಣುಮಗಳು ಪುಣೆಯಲ್ಲಿದ್ದಳು, ಅವಳ ಹೆಸರು ಫಾತಿಮಾ. ಆ ಹೊರೆ ಶಾಲೆಯದು ಅನ್ನುವುದು ಕೂಡ ನಾವು ಮಾಡಿಕೊಳ್ಳುವ ಅರ್ಥ. ಒಳ್ಳೆಯ ಅರ್ಥವೇ, ಪತ್ರದ ಉಳಿದ ಭಾಗಕ್ಕೆ ಹೊಂದುವ ಅರ್ಥವೇ. ಆದರೂ ಅರ್ಥ ಬೇರೆ, ಅಕ್ಷರ ಬೇರೆ.

ಈಗ ನಮ್ಮ ಲೇಖನಗಳನ್ನು ತೆಗೆಯಿರಿ. ಕನ್ನಡದ್ದಾಗಲಿ ಉರ್ದುವಿನದಾಗಲಿ, ಹತ್ತು ಲೇಖನ ಪಕ್ಕಪಕ್ಕ ಇಟ್ಟು ಓದಿ. ನಾನು ಓದಿದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಅವೇ ಆರೇಳು ವಾಕ್ಯ. ಹುಟ್ಟಿದ್ದು 1831ರ ಜನವರಿ 9. ಅಣ್ಣ ಉಸ್ಮಾನ್. ಮನೆಯಲ್ಲೇ ಶಾಲೆ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದದ್ದು. ಕೊನೆಯಲ್ಲಿ 'ಇತಿಹಾಸ ಮರೆತ ಮಹಾತಾಯಿ'. ವಾಕ್ಯಗಳ ಕ್ರಮ ಕೂಡ ಒಂದೇ. ಎಲ್ಲಿಂದ ಬಂತು ಅಂತ ಒಬ್ಬರೂ ಹೇಳುವುದಿಲ್ಲ. 'ಇತಿಹಾಸ ಮರೆತಿದೆ' ಅನ್ನುವ ನಾವು ಆ ಇತಿಹಾಸದ ಒಂದು ಕಾಗದ ಹುಡುಕಲು ಒಂದು ಮಧ್ಯಾಹ್ನ ಕೊಟ್ಟಿಲ್ಲ. ಬದಲಿಗೆ ವಿಶೇಷಣಗಳನ್ನು ಕೊಟ್ಟಿದ್ದೇವೆ.

ನನ್ನ ಪಾಲು ಹೇಳುತ್ತೇನೆ. 2022ರಲ್ಲಿ ಗೂಗಲ್ ಚಿತ್ರ ನೋಡಿದ ಖುಷಿಯಲ್ಲಿ ನಾನೂ ಒಂದು ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಟ್ಟೆ. ತಾರೀಖು, ಅಣ್ಣನ ಹೆಸರು, ತರಬೇತಿ, ಎಲ್ಲವನ್ನೂ ಮೊಬೈಲ್‌ನಲ್ಲಿ ನೋಡಿ ಬರೆದದ್ದು. ಆ ಲೇಖನವನ್ನು ಯಾರೋ ಎತ್ತಿ ಒಂದು ಜಾಲತಾಣಕ್ಕೆ ಹಾಕಿದರು. ಈಗ ಈ ಹುಡುಗಿಯ ಪ್ರಾಜೆಕ್ಟಿನ ಮೂರನೆಯ ಅಧ್ಯಾಯ ತೆಗೆದು ನೋಡಿದರೆ, ಹುಟ್ಟಿದ ದಿನಕ್ಕೆ ಅವಳು ಕೊಟ್ಟ ಆಧಾರ ಅದೇ ಲೇಖನ! ಹೆಸರು ಹಾಕದ ಕಾರಣ ಬರೆದವಳು ನಾನೇ ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಅಂತರ್ಜಾಲದಿಂದ ತೆಗೆದೆ, ಅಂತರ್ಜಾಲ ನನ್ನಿಂದ ತೆಗೆಯಿತು, ಅವಳು ಅಲ್ಲಿಂದ ತೆಗೆದಳು. ಮೂರು ಸುತ್ತು ತಿರುಗಿದ್ದರಿಂದ ಅದು ಮೂರು ಆಧಾರ ಆಯಿತೇ? ಒಂದೂ ಆಗಲಿಲ್ಲ. ಆ ದಿನ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಇದರಲ್ಲಿ ನನಗೆ ಹೆಚ್ಚು ಚುಚ್ಚುವುದು ಬೇರೆ ಸಂಗತಿ. ಈ ತಪ್ಪು ಮಾಡಬಾರದ ಜನ ಯಾರಾದರೂ ಇದ್ದರೆ ಅದು ನಾವು. ಮದರಸಾದ ಮೆಟ್ಟಿಲು ಹತ್ತಿದ ಯಾವ ಮಗುವಿಗಾದರೂ 'ಸನದ್' ಅಂದರೆ ಗೊತ್ತು. ಒಂದು ಹದೀಸ್ ಹೇಳುವ ಮೊದಲು ಅದನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿ ಹೇಳಬೇಕು. ಸರಪಳಿ ಒಂದು ಕಡೆ, ಅದು ಹೊತ್ತು ತಂದ ಮಾತು, ಅಂದರೆ ಮತ್ನ್, ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದ್ದರೆ, ಒಬ್ಬರು ಇನ್ನೊಬ್ಬರನ್ನು ಭೇಟಿ ಆಗುವುದೇ ಸಾಧ್ಯವಿರಲಿಲ್ಲ ಅಂತಾದರೆ, ಮಾತು ಎಷ್ಟೇ ಚಂದ ಇದ್ದರೂ ಅದು ದುರ್ಬಲ. ಸಹೀಹ್, ಹಸನ್, ಝಈಫ್, ಮೌಝೂ ಅಂತ ದರ್ಜೆ ಮಾಡಿದ್ದು, ಮಾತು ಹೊತ್ತು ತಂದವರ ಚರಿತ್ರೆಗೆಂದೇ ಒಂದು ಶಾಸ್ತ್ರ ಕಟ್ಟಿದ್ದು ಇದಕ್ಕಾಗಿ. 1377ರಲ್ಲಿ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೂಸಾ ಅವರ ಸೈನ್ಯದಲ್ಲಿ ಆರು ಲಕ್ಷ ಜನ ಇದ್ದರು ಅಂತ ಹಿಂದಿನವರು ಬರೆದದ್ದನ್ನು ಎತ್ತಿಕೊಂಡು, ಅಷ್ಟು ಜನರಿಗೆ ಅನ್ನ ಎಲ್ಲಿಂದ, ಅಷ್ಟು ದೊಡ್ಡ ಸೈನ್ಯ ಸಾಲಾಗಿ ನಿಂತು ಕಾದುವುದು ಹೇಗೆ ಅಂತ ಕೇಳಿದರು. ಮಾತು ಲೋಕಕ್ಕೆ ಒಪ್ಪಬೇಕು ಎಂದರು. ಇವತ್ತು ಪಾಶ್ಚಾತ್ಯ ಪಠ್ಯಗಳಲ್ಲಿ 'ಬಾಹ್ಯ ವಿಮರ್ಶೆ', 'ಆಂತರಿಕ ವಿಮರ್ಶೆ' ಅಂತ ನಮ್ಮ ಹುಡುಗರು ಕಷ್ಟಪಟ್ಟು ಬಾಯಿಪಾಠ ಮಾಡುವುದು ಇದಕ್ಕಿಂತ ಬಹಳ ದೂರದ್ದೇನಲ್ಲ. ಕನ್ನಡಕ್ಕೂ ಈ ಪದ ಹೊಸದಲ್ಲ. ವಕೀಲರ ಸನ್ನದು ಅನ್ನುವಾಗ ನಾವು ಹೇಳುವುದು ಅದೇ ಸನದ್.

ಧರ್ಮದ ವಿಷಯಕ್ಕೆ ಇರುವ ಕಟ್ಟುನಿಟ್ಟು ಚರಿತ್ರೆಗೆ ಬೇಕಾ ಅಂತ ನೀವು ಕೇಳಬಹುದು. ಪದ್ಧತಿಯನ್ನಾದರೂ ಎರವಲು ತರೋಣ ಅಂತ ನನ್ನ ಮಾತು. ನಾನೂ ಆ ಹುಡುಗಿಯೂ ಕೂತು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿದೆವು. ಮಾತು ಏನು? ಹೇಳಿದವರು ಯಾರು? ಯಾವಾಗ ಹೇಳಿದರು? ಅವರಿಗೆ ಹೇಗೆ ಗೊತ್ತು?

ಮೊದಲ ಸಾಲು: ಫಾತಿಮಾ ಎಂಬವರು ಸಾವಿತ್ರಿಬಾಯಿಯವರ ಜೊತೆಗಿದ್ದರು. ಹೇಳಿದವರು ಸ್ವತಃ ಸಾವಿತ್ರಿಬಾಯಿ, 1856ರಲ್ಲಿ, ಕಣ್ಣಾರೆ ಕಂಡು. ನಮ್ಮ ಕೈಗೆ ಬಂದದ್ದು 1988ರ ಸಂಪಾದಿತ ಪಾಠದ ಮೂಲಕ. ಇದು ಗಟ್ಟಿ. ಸಂಪಾದಿತ ಪಾಠ ಬೇರೆ, ಕೈಬರಹ ಬೇರೆ ಅಲ್ಲವಾ ಅಂತ ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ಮೂರೂ ಪತ್ರಗಳ ಭಾಷೆ, ಬರವಣಿಗೆ ಹೋಲಿಸಿ ಅದನ್ನು ಚರ್ಚಿಸಬಹುದು. ಆದರೆ ಆ ಪ್ರಶ್ನೆಗೂ 'ನಾನೇ ಕಟ್ಟಿದೆ' ಎಂಬ ಮಾತಿಗೂ ಸಂಬಂಧ ಇಲ್ಲ.

ಎರಡನೆಯ ಸಾಲು: ಅವರು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಇದು ಪತ್ರದಿಂದ ನಾವು ತೆಗೆಯುವ ಊಹೆ. ಬಲವಾದ ಊಹೆ, ಊಹೆ ಅಂತಲೇ ಬರೆಯಬೇಕು.

ಮೂರನೆಯ ಸಾಲು: ಫೋಟೋ. ಇಬ್ಬರು ಹೆಂಗಸರು ಕುಳಿತಿರುವ, ಹುಡುಗಿಯರು ಜೊತೆಗಿರುವ ಆ ಹಳೆಯ ಚಿತ್ರವನ್ನು ನೀವೂ ನೋಡಿದ್ದೀರಿ. ಚಿತ್ರ ತಾನಾಗಿ ಮಾತಾಡುವುದಿಲ್ಲ. ಕೆಳಗೆ ಹೆಸರು ಬರೆದವರು ಮಾತಾಡುತ್ತಾರೆ. ಹೆಸರು ಬರೆದವರು ಯಾರು, ಯಾವ ವರ್ಷ, ಯಾರನ್ನು ಕೇಳಿ? ಈ ಕಾಲಂ ತುಂಬುವವರೆಗೆ 'ಫಾತಿಮಾ ಎಂದು ಹೇಳಲಾಗುವ ಚಿತ್ರ' ಅಂತ ಬರೆಯಬೇಕು. ಆ ಒಂದು 'ಎಂದು' ಹಾಕಿದರೆ ಫಾತಿಮಾ ಸಣ್ಣವರಾಗುವುದಿಲ್ಲ.

ನಾಲ್ಕನೆಯ ಸಾಲು: ಜನವರಿ 9. ಹೇಳಿದವರ ಕಾಲಂನಲ್ಲಿ ಬರೀ ಜಾಲತಾಣಗಳು, ಅವುಗಳ ನಡುವೆ ನಾನು. ಕೊನೆಯ ಕಾಲಂ ಖಾಲಿ. ಸರಪಳಿ ಇಲ್ಲವೇ ಇಲ್ಲ. ಹಾಗೇ ಬರೆದೆವು.

'ಮೊದಲ ಮುಸ್ಲಿಂ ಶಿಕ್ಷಕಿ' ಎಂಬ ಐದನೆಯ ಸಾಲಿಗೆ ಬಂದಾಗ ಹುಡುಗಿಯೇ ನಕ್ಕಳು. ಮನೆಯಲ್ಲಿ ಕೂತು ಕುರ್‌ಆನ್ ಓದಿಸುತ್ತಿದ್ದ ಉಸ್ತಾನಿಗಳು ಹಿಂದುಸ್ತಾನದಲ್ಲಿ ಎಷ್ಟು ಶತಮಾನದಿಂದ ಇಲ್ಲ? 'ಮೊದಲ' ಅಂತ ಹೇಳಬೇಕಾದರೆ ಅದಕ್ಕೆ ಮುಂಚಿನ ಎಲ್ಲವನ್ನೂ ಹುಡುಕಿ ನೋಡಿರಬೇಕು. ಹಾಗೆ ನೋಡಿದವರು ಯಾರು? ಈ 'ಮೊದಲ' ಎಂಬ ಪದದ ಹುಚ್ಚು ನಮ್ಮ ಬರವಣಿಗೆಗೆ ಅಂಟಿದ ರೋಗ. ಫಾತಿಮಾ ಮೊದಲನೆಯವರೋ ನೂರನೆಯವರೋ, 1856ರ ಪುಣೆಯಲ್ಲಿ ಮಾಂಗ್-ಮಹಾರ್ ಮಕ್ಕಳ ಶಾಲೆ ನಡೆಸುವವರ ಪಕ್ಕ ನಿಂತದ್ದೇ ಸಾಲದೇ?

ಇನ್ನು ಓದು ಕಲಿಸುವವರ ಕಡೆ ತಿರುಗೋಣ. ನಾನು ಬಿ.ಎಡ್. ಮಾಡುವಾಗ ಪ್ರಾಥಮಿಕ ಆಕರ, ದ್ವಿತೀಯಕ ಆಕರ ಅಂದರೇನು ಅಂತ ಐದು ಅಂಕದ ಪ್ರಶ್ನೆ ಬಂದಿತ್ತು. ಐದಕ್ಕೆ ಐದೂ ತೆಗೆದಿದ್ದೆ. ಆದರೆ ಎರಡು ವರ್ಷದಲ್ಲಿ ಒಂದು ಪ್ರಾಥಮಿಕ ಆಕರವನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಈಗಿನ ಮಕ್ಕಳ ಸ್ಥಿತಿಯೂ ಅದೇ. ಊಹಾಸಿದ್ಧಾಂತ, ಪ್ರತಿಚಯನ, ಪ್ರಶ್ನಾವಳಿ ಅಂತ ಒಂದು ಅಧ್ಯಾಯ ಎಲ್ಲರ ಪ್ರಾಜೆಕ್ಟಿನಲ್ಲೂ ಇರುತ್ತದೆ, ಅದನ್ನು ಹಿಂದಿನ ವರ್ಷದವರಿಂದ ತೆಗೆದಿರುತ್ತಾರೆ. ಗ್ರಂಥಋಣದಲ್ಲಿ ಕನಿಷ್ಠ ಇಷ್ಟು ಪುಸ್ತಕ ಇರಬೇಕು ಅಂತ ನಿಯಮ. ಈ ಹುಡುಗಿಯ ಪಟ್ಟಿಯಲ್ಲಿ ಮೂವತ್ತೊಂದು ಹೆಸರಿದ್ದವು. ಕೈಯಲ್ಲಿ ಹಿಡಿದು ಓದಿದ್ದು ಎಷ್ಟು ಅಂತ ಕೇಳಿದೆ. ನಾಲ್ಕು ಅಂದಳು. ತಪ್ಪು ಅವಳದಲ್ಲ. ಪಟ್ಟಿ ಎಣಿಸುವವರಿದ್ದಾರೆ, ಪಟ್ಟಿಯಲ್ಲಿರುವುದನ್ನು ತೆಗೆದು ನೋಡುವವರಿಲ್ಲ. ಆಧಾರ ಎಂಬುದು ಲೇಖನದ ಕೊನೆಗೆ ಕಟ್ಟುವ ಜೂಲು ಅಲ್ಲ, ಮಾತು ನಿಲ್ಲುವ ಕಂಬ. ಇದನ್ನು ನಾವು ಕಲಿಸಿಲ್ಲ.

ಹಾಗಾದರೆ ಹೇಗೆ ಹುಡುಕುವುದು? ನಾನು ದೊಡ್ಡ ಸಂಶೋಧಕಿ ಅಲ್ಲ. ಆದರೂ ಈ ಎರಡು ತಿಂಗಳಲ್ಲಿ ಕಲಿತದ್ದನ್ನು ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವವರಿಗೆ ಉಪಯೋಗ ಆದೀತು.

ವಿಕಿಪೀಡಿಯಾ ನೋಡಬೇಡಿ ಅಂತ ಹೇಳುವುದಿಲ್ಲ. ನೋಡಿ, ಆದರೆ ಅದನ್ನು ಬಾಗಿಲು ಅಂತ ನೋಡಿ, ಮನೆ ಅಂತ ಅಲ್ಲ. ಕೆಳಗೆ ಕೊಟ್ಟ ಟಿಪ್ಪಣಿಗಳನ್ನು ಒತ್ತಿ ನೋಡಿ. ಪುಸ್ತಕಕ್ಕೆ ಹೋಗುತ್ತದೋ, ಇನ್ನೊಂದು ಜಾಲತಾಣಕ್ಕೋ? ವಿಶ್ವಕೋಶಗಳೂ ಬಾಗಿಲುಗಳೇ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಮರಾಠಿ ವಿಶ್ವಕೋಶ ಇವು ಕಾಲ, ಹೆಸರು, ಸಂಬಂಧ ತಿಳಿಯಲು ಒಳ್ಳೆಯವು. ಅಲ್ಲಿಂದ ಮುಂದೆ ಜಿಲ್ಲಾ ಗೆಜೆಟಿಯರ್. ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ಹದಿನೆಂಟನೆಯ ಸಂಪುಟ ಪೂರ್ತಿ ಪುಣೆಯದು, ಮೂರು ಭಾಗ, 1885ರಲ್ಲಿ ಬಂತು. ಪೇಟೆಗಳು, ಜಾತಿಗಳು, ಶಾಲೆಗಳು ಎಲ್ಲ ಅದರಲ್ಲಿವೆ. ಆದರೆ ಅದನ್ನು ಬರೆಸಿದವರು ಬ್ರಿಟಿಷರು, ಅವರ ಕಣ್ಣಿಗೆ ಬೇಕಾದದ್ದನ್ನೇ ಎಣಿಸಿದ್ದಾರೆ ಅನ್ನುವುದು ನೆನಪಿರಲಿ. ಹಿಂದೆ ಇದೇ ವಿಷಯದಲ್ಲಿ ಯಾರಾದರೂ ಪಿಎಚ್.ಡಿ. ಮಾಡಿದ್ದಾರಾ ಅಂತ ನೋಡಲು 'ಶೋಧಗಂಗಾ' ಇದೆ, ಮನೆಯಲ್ಲೇ ಕೂತು ನೋಡಬಹುದು. ಹಳೆಯ ಉರ್ದು ಪುಸ್ತಕಗಳಿಗೆ ರೇಖ್ತಾ ಇದೆ. ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್'ನಲ್ಲಿ ಹಳೆಯ ಸರ್ಕಾರಿ ಕಡತಗಳಿವೆ.

ಆದರೆ ಪುಣೆಯಲ್ಲಿದ್ದು ಮೊಬೈಲಿಗೆ ಅಂಟಿಕೊಂಡರೆ ನದಿ ದಂಡೆಯಲ್ಲಿ ಕೂತು ಬಾಟಲಿ ನೀರು ಕೊಂಡ ಹಾಗೆ. ಈ ಊರಲ್ಲಿ ಪೇಶ್ವೆ ದಫ್ತರ ಇದೆ, ಅಲ್ಲಿ ರಾಶಿ ರಾಶಿ ಮೋಡಿ ಲಿಪಿಯ ಕಾಗದ. ಸದಾಶಿವ ಪೇಟೆಯಲ್ಲಿ 1910ರಲ್ಲಿ ಶುರುವಾದ ಭಾರತ ಇತಿಹಾಸ ಸಂಶೋಧಕ ಮಂಡಳ ಇದೆ. 1917ರ ಭಾಂಡಾರಕರ್ ಸಂಸ್ಥೆ, ಡೆಕ್ಕನ್ ಕಾಲೇಜು, ಗೋಖಲೆ ಸಂಸ್ಥೆಯ ದೊಡ್ಡ ಗ್ರಂಥಾಲಯ, ವಿಶ್ವವಿದ್ಯಾಲಯದ ಜಯಕರ್ ಗ್ರಂಥಾಲಯ. ಇದೇ ಊರಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಹುಡುಗಿಯ ಪ್ರಶ್ನೆ ಬರುವ ತನಕ ಇವುಗಳಲ್ಲಿ ಒಂದರ ಒಳಗೂ ಕಾಲಿಟ್ಟಿರಲಿಲ್ಲ. ಬುರ್ಖಾ ಹಾಕಿಕೊಂಡು ಹೋದರೆ ಏನನ್ನುತ್ತಾರೋ ಅಂತ ಒಳಗೆ ಒಂದು ಅಳುಕು. ಹೋದ ಮೇಲೆ ಗೊತ್ತಾಯಿತು, ಗ್ರಂಥಪಾಲಕರಿಗೆ ಬೇಕಾದದ್ದು ಗುರುತಿನ ಚೀಟಿ ಮತ್ತು ಸರಿಯಾದ ಪ್ರಶ್ನೆ. 'ಫಾತಿಮಾ ಶೇಖ್ ಬಗ್ಗೆ ಏನಾದರೂ ಇದೆಯಾ' ಅಂದರೆ ಏನೂ ಸಿಗುವುದಿಲ್ಲ. '1850ರ ದಶಕದ ಪುಣೆಯ ಹೆಣ್ಣುಮಕ್ಕಳ ಶಾಲೆಗಳ ಬಗ್ಗೆ ಶಿಕ್ಷಣ ಇಲಾಖೆಯ ವರದಿಗಳು, ಆ ಕಾಲದ ಪತ್ರಿಕೆಗಳು ಯಾವುವು' ಅಂದರೆ ಎದ್ದು ಕಪಾಟಿನ ಕಡೆ ನಡೆಯುತ್ತಾರೆ. ಪ್ರಶ್ನೆ ಕೇಳುವುದನ್ನು ಕಲಿಯುವುದೇ ಅರ್ಧ ಸಂಶೋಧನೆ.

ಒಂದು ಉದಾಹರಣೆ. ಫುಲೆಯವರ ಶಾಲೆಯ ವಿದ್ಯಾರ್ಥಿನಿ, ಮಾಂಗ್ ಜಾತಿಯ ಮುಕ್ತಾ ಸಾಳವೆ, ತನ್ನ ಜನರ ನೋವಿನ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಮಿಷನರಿಗಳ ಪತ್ರಿಕೆ. ಅಚ್ಚಾದ ಕಾರಣಕ್ಕೆ ಇವತ್ತು ಮುಕ್ತಾ ಇರಲಿಲ್ಲ ಅಂತ ಯಾರೂ ಹೇಳಲಾರರು. ಫಾತಿಮಾ ಬರೆದದ್ದು ಏನಾದರೂ ಅಚ್ಚಾಗಿದ್ದರೆ? ಇಬ್ಬರ ನಡುವಿನ ವ್ಯತ್ಯಾಸ ಯೋಗ್ಯತೆಯದಲ್ಲ, ಒಂದು ಅಚ್ಚಿನ ಮೊಳೆಯದು.

ಹಾಗಾದರೆ ದಾಖಲೆಯಲ್ಲಿ ಹೆಸರಿಲ್ಲ ಅನ್ನುವುದು ಏನನ್ನು ಹೇಳುತ್ತದೆ? 1882ರಲ್ಲಿ ಜೋತಿರಾವ್ ಅವರು ಹಂಟರ್ ಶಿಕ್ಷಣ ಆಯೋಗಕ್ಕೆ ಹೇಳಿಕೆ ಕೊಟ್ಟರು. ಅದರಲ್ಲಿ ಫಾತಿಮಾ ಹೆಸರಿಲ್ಲ ಅಂತ ಕೆಲವರು ತೋರಿಸುತ್ತಾರೆ. ಆ ಹೇಳಿಕೆ ಯಾಕೆ ಕೊಟ್ಟದ್ದು ನೋಡಿ: ಬಡವರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕೊಡಿ ಅಂತ ಸರ್ಕಾರಕ್ಕೆ ಹೇಳಲು. ಅದು ಶಿಕ್ಷಕರ ಹಾಜರಿ ಪುಸ್ತಕ ಅಲ್ಲ. ಒಂದು ಕಾಗದದ ಮೌನಕ್ಕೆ ಬೆಲೆ ಬರುವುದು, ಆ ಕಾಗದ ಮಾತಾಡಲೇಬೇಕಾದ ಜಾಗದಲ್ಲಿ ಸುಮ್ಮನಿದ್ದಾಗ ಮಾತ್ರ. ನಮ್ಮ ಮನೆಯ ರೇಷನ್ ಕಾರ್ಡಿನಲ್ಲಿ ಪಕ್ಕದ ಮನೆಯವರ ಹೆಸರಿಲ್ಲ, ಅವರು ಇಲ್ಲವೇ? ಆದರೆ ಇದೇ ನಿಯಮ ನಮಗೂ ತಾಗುತ್ತದೆ. ಮೌನವನ್ನು ತೋರಿಸಿ 'ನೋಡಿ, ಬೇಕೆಂದೇ ಅಳಿಸಿದ್ದಾರೆ' ಅಂತ ನಾವು ಬರೆಯುತ್ತೇವಲ್ಲ, ಅಳಿಸಿದ್ದಕ್ಕೂ ಪುರಾವೆ ಬೇಕು.

ಇನ್ನೊಂದು ಮಾತು, ಇದು ನಮಗೇ. ದಖನಿನ ಮುಸ್ಲಿಮರ ಚರಿತ್ರೆಯ ಕಾಗದಗಳನ್ನು ಹುಡುಕಿ ಕಾಪಾಡಿದವರ ಸಾಲಿನಲ್ಲಿ ಪುಣೆಯ ಯಾರಿದ್ದಾರೆ ನೋಡಿ. ಇತಿಹಾಸ ಸಂಶೋಧಕ ಮಂಡಳದ ಗ. ಹ. ಖರೆ ಪಾರ್ಸಿ ಕಲಿತು ಫರ್ಮಾನುಗಳನ್ನು ಓದಿ, ಮರಾಠಿ ಅನುವಾದದ ಜೊತೆ 'ಐತಿಹಾಸಿಕ ಫಾರ್ಸಿ ಸಾಹಿತ್ಯ' ಎಂದು ಸಂಪುಟಗಳನ್ನೇ ತಂದರು. ರಾ. ಚಿಂ. ಢೇರೆ ಹಳೆಯ ಹಸ್ತಪ್ರತಿಗಳನ್ನು ಅರಸಿ ತಿರುಗಿ 1967ರಲ್ಲಿ 'ಮುಸಲ್ಮಾನ ಮರಾಠಿ ಸಂತಕವಿ' ಬರೆದರು. ಶ್ರೀಗೋಂದೆಯ ಶೇಖ್ ಮಹಮ್ಮದ್ ಅಂಥವರು ನನಗೆ ಗೊತ್ತಾದದ್ದೇ ಆ ಪುಸ್ತಕದಿಂದ. ಇವರಿಬ್ಬರೂ ನಮ್ಮ ಸಮುದಾಯದವರಲ್ಲ. ಪಾರ್ಸಿಯನ್ನು ಅಲಿಫ್‌ನಿಂದ ಕಲಿಯಬೇಕಾದವರು ಖರೆ. ನಮಗೆ ಉರ್ದು ಮನೆಯಲ್ಲೇ ಇದೆ, ಲಿಪಿ ಬಾಲ್ಯದಿಂದ ಬರುತ್ತದೆ. ಅಷ್ಟು ಹತ್ತಿರ ಇದ್ದೂ ನಾವು ವಾಟ್ಸಾಪಿನಲ್ಲಿ ನಿಂತೆವು. 'ನಮ್ಮ ಇತಿಹಾಸ ಅಳಿಸುತ್ತಿದ್ದಾರೆ' ಅಂತ ಕೂಗುವ ಗಂಟಲಿನಷ್ಟೇ ಮೋಡಿ ಲಿಪಿ ಕಲಿಯುವ ಕಣ್ಣೂ ಬೇಕಲ್ಲವೇ? ಪುಣೆಯಲ್ಲಿ ಮೋಡಿ ಕಲಿಸುವ ತರಗತಿಗಳು ನಡೆಯುತ್ತವೆ. ನಮ್ಮ ಮೊಹಲ್ಲಾದಿಂದ ಎಷ್ಟು ಜನ ಹೋಗುತ್ತಾರೆ?

ಕರ್ನಾಟಕದಲ್ಲಿರುವ ಓದುಗರೇ, ಇದು ಪುಣೆಯ ಕಥೆ ಅಂತ ಬಿಡಬೇಡಿ. ಶಿಶುನಾಳ ಶರೀಫ ಸಾಹೇಬರ ಹೆಸರಿನಲ್ಲಿ ಹಾಡುವ ಎಲ್ಲ ತತ್ವಪದಗಳೂ ಅವರವೇ ಅಂತ ನಮಗೆ ಹೇಗೆ ಗೊತ್ತು? ಅಂಕಿತ ನೋಡಿ ಹೇಳುತ್ತೇವಾ, ಹಾಡಿದವರನ್ನು ನಂಬಿ ಹೇಳುತ್ತೇವಾ? ನಿಮ್ಮೂರ ದರ್ಗಾದ ಕಥೆಯನ್ನು ಮುಜಾವರರು ಯಾರಿಂದ ಕೇಳಿದರು? ಬಾಯಿಮಾತಿಗೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಲೆ ಇದೆ, ಬಹಳ ಇದೆ. ಹಿರಿಯರ ಮುಂದೆ ಕೂತು ಅವರ ಹೆಸರು, ವಯಸ್ಸು, ಯಾರಿಂದ ಕೇಳಿದ್ದು, ಯಾವ ದಿನ ಹೇಳಿದ್ದು ಅಂತ ಬರೆದಿಟ್ಟರೆ ಬಾಯಿಮಾತೂ ಆಕರ ಆಗುತ್ತದೆ. ಬರೆದಿಡದಿದ್ದರೆ ಆ ಹಿರಿಯರ ಜೊತೆಗೇ ಮಣ್ಣು ಸೇರುತ್ತದೆ.

ಹುಡುಗಿಯ ಪ್ರಾಜೆಕ್ಟಿಗೆ ಬರುತ್ತೇನೆ. ಅವಳು ಮೂರನೆಯ ಅಧ್ಯಾಯ ಕೈಬಿಡಲಿಲ್ಲ, ಮತ್ತೆ ಬರೆದಳು. ಇಪ್ಪತ್ತೆರಡು ಪುಟ ಇದ್ದದ್ದು ಒಂಬತ್ತು ಪುಟ ಆಯಿತು. ಇಷ್ಟು ಕಡಿಮೆ ಆದರೆ ಅಂಕ ಸಿಗುತ್ತದಾ ಅಂತ ಅವಳ ಅಮ್ಮಿಗೆ ಆತಂಕ. ಒಂಬತ್ತು ಪುಟದಲ್ಲಿ ಗಟ್ಟಿ ಇದ್ದದ್ದನ್ನು ಗಟ್ಟಿ ಅಂತ, ಊಹೆಯನ್ನು ಊಹೆ ಅಂತ, ಖಾಲಿ ಇದ್ದದ್ದನ್ನು ಖಾಲಿ ಅಂತ ಬರೆದಿದ್ದಾಳೆ. ಗ್ರಂಥಋಣದಲ್ಲಿ ಹನ್ನೊಂದು ಹೆಸರು, ಹನ್ನೊಂದನ್ನೂ ಓದಿದ್ದಾಳೆ. ನನ್ನ ಸ್ಮರಣ ಸಂಚಿಕೆಯ ಲೇಖನ ಆ ಪಟ್ಟಿಯಲ್ಲಿ ಇಲ್ಲ. ತೆಗೆಯಲು ಹೇಳಿದವಳು ನಾನೇ, ಆದರೂ ಒಂದು ಕ್ಷಣ ಎದೆ ಚುರುಕ್ ಅಂದದ್ದು ಸುಳ್ಳಲ್ಲ.

ಆ ಭಾನುವಾರ ನಾವಿಬ್ಬರೂ ಬುಧವಾರ ಪೇಟೆಗೆ ಹೋದೆವು. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದ ಭಿಡೆ ವಾಡೆ ಅಲ್ಲಿತ್ತು. ಪಾಳು ಬಿದ್ದಿದ್ದ ಆ ಕಟ್ಟಡವನ್ನು ಸ್ಮಾರಕ ಕಟ್ಟಲು 2023ರ ಡಿಸೆಂಬರಿನಲ್ಲಿ ಕೆಡವಿದರು. ಎದುರಿಗೆ ದಗಡೂಶೇಠ್ ಗಣಪತಿಯ ಭಕ್ತರ ಸಾಲು, ಹೂವಿನ ಅಂಗಡಿಗಳ ಗದ್ದಲ. ಹುಡುಗಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ತಾರೀಖು ಬರೆದು, ತಾನು ಕಂಡದ್ದನ್ನು ಎರಡು ಸಾಲು ಗೀಚಿ, ಕೆಳಗೆ ತನ್ನ ಹೆಸರು ಹಾಕಿದಳು. "ಯಾಕ?" ಅಂತ ಕೇಳಿದೆ. "ಮುಂದ ಯಾರರ ಕೇಳಿದ್ರ ಆಪಾ, ನಾ ನೋಡೀನಿ ಅಂತ ಇರಲಿ" ಅಂದಳು.

ಈ ಸಲದ ಜನವರಿಯಲ್ಲಿ ನನ್ನನ್ನು ಭಾಷಣಕ್ಕೆ ಕರೆದರೆ ಹೋಗುತ್ತೇನೆ. ಜನವರಿ 9ಕ್ಕೇ ಕರೆಯಬೇಕೆಂದಿಲ್ಲ, ಅಕ್ಟೋಬರ್ 10ಕ್ಕೆ ಕರೆದರೆ ಇನ್ನೂ ಒಳ್ಳೆಯದು. ಆ ತಾರೀಖಿಗೆ ನಮ್ಮ ಹತ್ತಿರ ಸನದ್ ಇದೆ.